ತವರಿನ ಉಸುಕು

ಅವ್ವನ ಎದೆಯೊಳಗಿನ ಧೂಳಿಗೂ ಒಂದು ಸದ್ದಿದೆ ಅಂತ ನನಗೆ ಗೊತ್ತಾದದ್ದು ಪ್ರಯೋಗಾಲಯದಲ್ಲಿ ಹೆಡ್‌ಫೋನ್ ಹಾಕಿಕೊಂಡ ದಿನ.

ಕೆಮ್ಮಿನ ಸದ್ದಲ್ಲ, ಉಬ್ಬಸದ ಸಿಳ್ಳೂ ಅಲ್ಲ. ಸರ್ರ್, ಸರ್ರ್ ಅಂತ, ಎರಡು ಮನೆಯಾಚೆ ಯಾರೋ ಜರಡಿ ಆಡಿಸುತ್ತಿರುವ ಹಾಗೆ. ಹುಟ್ಟಿದಾಗಿನಿಂದ ಕೇಳಿದ ಸದ್ದು. ಕಾದ ಉಸುಕಿನಲ್ಲಿ ಅಕ್ಕಿ ಅರಳಿದ ಮೇಲೆ ಉಸುಕು, ಮಂಡಕ್ಕಿ ಬೇರೆ ಮಾಡಲು ಅವ್ವ ಎಲ್ಲವನ್ನೂ ಜರಡಿಗೆ ಸುರಿದು ತಿರುಗಿಸುತ್ತಾಳಲ್ಲ, ಅದೇ. ಈಗ ಆ ಜರಡಿ ಅವಳ ಒಳಗೇ ಆಡುತ್ತಿತ್ತು.

“ಏನ್ ಕೇಳಿಸ್ತೈತಿ ಜೈತೂ?” ಅಂದಳು ಅವ್ವ, ಯಂತ್ರದ ಕಮಾನಿನ ಕೆಳಗೆ ಅಂಗಾತ ಮಲಗಿಕೊಂಡೇ. “ಹಾಡು ಗೀಡು ಬರ್ತಾವೇನು?”

ಯಂತ್ರ ಕಟ್ಟಿದ ಪ್ರಭುಲಿಂಗ, ಹರಿಹರದವನು, ನನ್ನ ಪರವಾಗಿ ಉತ್ತರ ಕೊಟ್ಟ. “ಬರ್ತಾವ್ರಿ ಮಾಬುನ್ನಿ ಅಮ್ಮಾ. ಎಲ್ಲಾ ಹಳೇ ಹಾಡು.”

ಕೊಂಚ ಬಿಡಿಸಿ ಹೇಳಬೇಕು. ಭಟ್ಟಿಯಲ್ಲಿ ಮಂಡಕ್ಕಿ ಹುರಿಯುವುದು ಕಬ್ಬಿಣದ ಬಾಣಲೆಯಲ್ಲಿ. ಕಾದ ಉಸುಕು ದಿನವಿಡೀ ಬಾಣಲೆಗೆ ಉಜ್ಜಿ ಉಜ್ಜಿ ಕಣ್ಣಿಗೆ ಕಾಣದ ಕಬ್ಬಿಣದ ಚೂರುಗಳನ್ನು ಮೈಗೆ ಅಂಟಿಸಿಕೊಳ್ಳುತ್ತದೆ. ಬೆಂಕಿಗೆ ಉಸುಕಿನ ಕಾಳು ಒಡೆದು ಧೂಳಾಗಿ, ಆ ಧೂಳು ಉಸಿರಿನ ಜೊತೆ ಎದೆಯ ತಳಕ್ಕೆ ಇಳಿದಾಗ, ಕಬ್ಬಿಣವೂ ಇಳಿಯುತ್ತದೆ. ಎದೆಯ ಮೇಲೆ ಅಯಸ್ಕಾಂತದ ಕಮಾನು ಹಿಡಿದರೆ ಒಳಗಿನ ಚೂರುಗಳೆಲ್ಲ ಶಾಲೆಯ ಮಕ್ಕಳ ಹಾಗೆ ಒಂದೇ ಕಡೆ ಮುಖ ಮಾಡಿ ನಿಲ್ಲುತ್ತವೆ. ಕಮಾನು ತೆಗೆದ ಮೇಲೆ ಮೆಲ್ಲಗೆ ಸಾಲು ತಪ್ಪುತ್ತವೆ. ಯಾಕೆಂದರೆ ಎದೆಯ ಕಾವಲು ಕೋಶಗಳು ಅವನ್ನು ನುಂಗಿ ಕೂತಿರುತ್ತವೆ. ಆ ಕೋಶಗಳು ಮಿಸುಕಾಡಿದರೆ ಚೂರುಗಳೂ ತಿರುಗುತ್ತವೆ. ಬೇಗ ಸಾಲು ತಪ್ಪಿದರೆ ಕೋಶಗಳು ಜೀವಂತ, ತಪ್ಪದೇ ಇದ್ದರೆ ಅಲ್ಲೇನೋ ಗಟ್ಟಿಯಾಗಿದೆ ಅಂತ ಅರ್ಥ. ಇದನ್ನೆಲ್ಲ ಪರದೆಯ ಮೇಲೆ ಬರೀ ಗೆರೆಗಳಾಗಿ ನೋಡಿ ಬೇಸರ ಬಂದು ಪ್ರಭುಲಿಂಗ ಅವನ್ನು ಸದ್ದಿಗೆ ತಿರುಗಿಸಿದ್ದ. ಅದೇ ನಾನು ಕೇಳಿದ್ದು.

ಆಗ ದಾವಣಗೆರೆಯಲ್ಲಿ ಧೂಳಿನಲ್ಲಿ ದುಡಿಯುವ ಪ್ರತಿಯೊಬ್ಬರ ಮುಂಗೈಗೂ ಪಟ್ಟಿ ಬಂದಿತ್ತು. ತಿಂಗಳಿಗೊಮ್ಮೆ ವಾರ್ಡಿನ ಯಂತ್ರದ ಮುಂದೆ ನಿಂತರೆ ಎದೆಯ ಧೂಳಿನ ಲೆಕ್ಕಕ್ಕೆ ತಕ್ಕ ಹಾಗೆ ಹಸಿರು, ಹಳದಿ, ಕಿತ್ತಳೆ ಅಥವಾ ಕೆಂಪು. ಕೆಂಪು ಪಟ್ಟಿಯವರು ಹೊಸ್ತಿಲು ದಾಟಿದರೆ ಭಟ್ಟಿಯ ಬಾಗಿಲಿನ ಪೆಟ್ಟಿಗೆ ಕಿರುಚುತ್ತದೆ, ಒಲೆಗೆ ಗಾಳಿ ಊದುವ ಮೋಟಾರು ನಿಂತೇ ಹೋಗುತ್ತದೆ. ಅವ್ವನ ಪಟ್ಟಿ ಹಳದಿಯಿಂದ ಕಿತ್ತಳೆಗೆ ತಿರುಗುತ್ತಿತ್ತು. ಕೆಂಪಾದರೆ ಅವಳು ಭಟ್ಟಿ ಬಿಡಬೇಕು. ಕೆಂಪಾದ ಮೇಲೂ ಬಿಡದಿದ್ದರೆ ಉಸಿರು ಬಿಡಬೇಕು. ಅವ್ವನಿಗೆ ಇವೆರಡರಲ್ಲಿ ಯಾವುದು ದೊಡ್ಡದು ಅಂತ ಕೇಳಲು ನನಗೆ ಧೈರ್ಯವಿರಲಿಲ್ಲ.

*

ನಾವು ಪಿಂಜಾರರು. ಅಜ್ಜನ ಕಾಲದವರೆಗೆ ಹತ್ತಿ ಬಡಿದು ಗಾದಿ ಹೊಲಿದವರು. “ಹತ್ತಿ ಧೂಳು ಸಾಕಾತು ಅಂತ ಉಸುಕಿನ ಧೂಳಿಗೆ ಬಂದ್ವಿ, ರುಚಿ ಬದಲಾತು” ಅಂತ ಅಪ್ಪ ಮಂಡಕ್ಕಿ ಚೀಲದ ಬಾಯಿ ಹೊಲಿಯುತ್ತ ನಗುತ್ತಾನೆ. ಮನೆಗೆ ಅಂಟಿಕೊಂಡೇ ಭಟ್ಟಿ. ತಗಡಿನ ಮಾಡಿನಲ್ಲಿ ಒಂದು ಗವಾಕ್ಷಿ. ಚಿಕ್ಕವಳಿದ್ದಾಗ ಅಲ್ಲಿಂದ ಇಳಿಯುವ ಬಿಸಿಲುಕೋಲನ್ನು ಹಿಡಿಯಲು ನಾನು ಕುಣಿಯುತ್ತಿದ್ದೆನಂತೆ. ಕಂಬದಷ್ಟು ದಪ್ಪ ಬಿಸಿಲುಕೋಲು, ಒಳಗೆ ಮಿಣಮಿಣ ತಿರುಗುವ ಕಣಗಳು. “ನಮ್ಮ ಭಟ್ಟಿಗೆ ಬೆಳ್ಳಿ ಕಂಬ ಐತಿ ನೋಡು” ಅನ್ನುತ್ತಿದ್ದಳು ಅವ್ವ. ಎಂಎಸ್ಸಿ ಮುಗಿಸುವವರೆಗೂ ಅದು ಚಂದದ ವಸ್ತು ಅಂತಲೇ ನಂಬಿದ್ದೆ.

ಎದೆಯ ಧೂಳಿನ ಸದ್ದು ಕೇಳಬಹುದಾದರೆ ಅದನ್ನು ಹೊರಕ್ಕೆ ಕರೆಯಲು ಯಾಕಾಗಬಾರದು? ಇದು ನಾನು ಕೆಲಸ ಮಾಡುವ ಎದೆರೋಗ ಸಂಶೋಧನಾ ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಇಂದುಮತಿ ತಡಸ ಅವರ ಪ್ರಶ್ನೆ. ಮೇಡಂ ಹಟವಾದಿ, ಪ್ರಶ್ನೆ ಹಿಡಿದರೆ ಊಟದ ಡಬ್ಬಿಯೂ ಮರೆತು ಹೋಗುತ್ತದೆ. ಅವರೂ ಪ್ರಭುಲಿಂಗನೂ ಸೇರಿ ತಂತಿಸುರುಳಿಗಳ ಒಂದು ಕವಚ ಮಾಡಿದರು. ಉಸಿರು ಹೊರಗೆ ಬರುವಾಗಲೆಲ್ಲ ಅದು ಒಳಗಿನ ಕಬ್ಬಿಣವನ್ನು ಗಂಟಲ ಕಡೆಗೆ ಚೂರೇ ಚೂರು ಎಳೆಯುತ್ತದೆ, ಉಸಿರು ಒಳಗೆ ಹೋಗುವಾಗ ಬಿಡುತ್ತದೆ. ಎಳೆದು ಬಿಟ್ಟು, ಎಳೆದು ಬಿಟ್ಟು, ಧೂಳು ನುಂಗಿದ ಕೋಶ ಶ್ವಾಸನಾಳದ ಮೆಟ್ಟಿಲು ಹತ್ತುತ್ತದೆ. ಅಲ್ಲಿಂದ ಕೆಮ್ಮಿದರೆ ಹೊರಗೆ. ಬಟ್ಟೆಯ ಪಟ್ಟಿಗಳಲ್ಲಿ ತೂಗುಹಾಕಿದ್ದ ಆ ಕವಚಕ್ಕೆ ಭಟ್ಟಿಯ ಹೆಂಗಸರು ಜೋಲಿ ಅಂತ ಹೆಸರಿಟ್ಟರು. ಮೇಡಂ ಇಟ್ಟ ಉದ್ದನೆಯ ಹೆಸರು ಕಾಗದದಲ್ಲೇ ಉಳಿಯಿತು.

ಜೋಲಿ ಕೆಲಸ ಮಾಡಿತು. ಅವ್ವ ಎದ್ದು ಕೂತು ಕೆಮ್ಮಿದಾಗ ಬಿಳಿ ಬಟ್ಟಲಿಗೆ ಬಿದ್ದದ್ದು ಕಾಡಿಗೆಯಂಥ ಕಫ. ಒಂದು ತಿಂಗಳು ಹೀಗೆ ಮಾಡಿದ ಮೇಲೆ ಪಟ್ಟಿ ಹಸಿರಾಯಿತು. ಅವಳು ಅದನ್ನು ಬಳೆಯ ಹಾಗೆ ತಿರುಗಿಸಿ ತಿರುಗಿಸಿ ನೋಡಿಕೊಂಡಳು.

ಕಾಯುವ ಕೋಣೆಯಲ್ಲಿ ಪೈಪೋಟಿಯೇ ಶುರುವಾಯಿತು. “ನಂದು ಅರ್ಧ ಬಟ್ಟಲು ಬಂತು, ನಿಂದು?” “ಹೋಗೆ, ನಿಂದು ಬರೇ ಎಲಿಅಡಿಕಿ ಕೆಂಪು.” ಸೋತವಳು ಹುಸೇನಬಿ ಚಿಗವ್ವ, ಅವ್ವನ ಬೆನ್ನಿಗೆ ಹುಟ್ಟಿದ ತಂಗಿ, ಪಕ್ಕದ ಸಾಲಿನಲ್ಲೇ ಅವಳ ಭಟ್ಟಿ. ಎಷ್ಟು ಸಲ ಜೋಲಿಗೆ ಹಾಕಿದರೂ ಅವಳ ಬಟ್ಟಲಿಗೆ ಬಂದದ್ದು ಬರೀ ಉಗುಳು.

“ನನ್ನೆದಿ ಸ್ವಚ್ಛ ಐತಿ ಬಿಡು” ಅಂತ ಚಿಗವ್ವ ಜಂಬ ಕೊಚ್ಚಿದಳು. ಆದರೆ ಎಕ್ಸ್‌ರೇಯಲ್ಲಿ ಅವಳ ಎದೆಯೂ ಅವ್ವನ ಎದೆಯಷ್ಟೇ ಮಸುಕು.

“ವಯಸ್ಸಿರಬೇಕು” ಅಂದರು ಮೇಡಂ. ಚಿಗವ್ವ ಅವ್ವನಿಗಿಂತ ಚಿಕ್ಕವಳು. “ಹಾಗಾದರೆ ರಕ್ತ” ಅಂದರು. ಇಬ್ಬರೂ ಒಂದೇ ತಾಯಿಯ ಮಕ್ಕಳು. ನಾನು ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮೇಡಂ ಬೇರೆ ಮಾತಿಗೆ ಹೋಗಿದ್ದರು. ನನ್ನ ಮಾತು ಯಾವಾಗಲೂ ಹೀಗೆ, ಬಸ್ಸು ಹೊರಟ ಮೇಲೆ ನಿಲ್ದಾಣಕ್ಕೆ ಬರುತ್ತದೆ.

*

ಹಸಿರು ಪಟ್ಟಿ ಬಂದ ಮೇಲೆ ಅವ್ವ ಮಾಡಿದ ಮೊದಲ ಕೆಲಸ ಮೂಗಿಗೆ ಕಟ್ಟುತ್ತಿದ್ದ ಬಟ್ಟೆಯನ್ನು ಬಿಚ್ಚಿ ಒಲೆ ಒರೆಸಲು ಇಟ್ಟದ್ದು.

“ಅವ್ವಾ, ಅದು...”

“ಸೆಕೆ ಆಗ್ತೈತವ್ವ. ಧೂಳು ಕುಂತ್ರ ನಿನ್ನ ಜೋಲಿ ಇಲ್ಲೇನು?”

ಎರಡನೆಯ ಕೆಲಸ, ಧೂಳು ಹೊರಗೆ ಎಳೆಯುವ ಫ್ಯಾನು ನಿಲ್ಲಿಸಿದ್ದು. ಅದು ಗಾಳಿಯ ಜೊತೆ ಒಲೆಯ ಕಾವನ್ನೂ ಎಳೆದುಕೊಂಡು ಹೋಗುತ್ತದೆ ಅಂತ ಅವಳಿಗೆ ಮೊದಲಿಂದಲೂ ಸಿಟ್ಟು. ಸಾಲಿನ ಅಷ್ಟೂ ಭಟ್ಟಿಗಳಲ್ಲಿ ಹೀಗೇ ಆಯಿತು. ಧೂಳು ಹಿಡಿಯಲು ಕಿಟಕಿಗೆ ಇಳಿಬಿಡುತ್ತಿದ್ದ ಒದ್ದೆ ಗೋಣಿತಾಟು ಒಣಗಿತು. ದೊಡ್ಡ ಭಟ್ಟಿಗಳ ಮಾಲೀಕರು ಶುಕ್ರವಾರದ ಮಧ್ಯಾಹ್ನ ಟೆಂಪೊ ಮಾಡಿ ಹೆಂಗಸರನ್ನು ಜೋಲಿಗೆ ಕಳಿಸತೊಡಗಿದರು, ಉಳಿದ ದಿನ ಎರಡು ಪಾಳಿ. ತೊಳೆಯಲು ಬರುತ್ತದೆ ಅಂದರೆ ಬಟ್ಟೆ ಕೊಳೆ ಮಾಡಿಕೊಳ್ಳಲು ಯಾರು ಹೆದರುತ್ತಾರೆ?

ಪ್ರಯೋಗಾಲಯದ ಪರದೆಯ ಮೇಲೆ ಮಾತ್ರ ಬೇರೆ ಕಥೆ ನಡೆದಿತ್ತು. ಅವ್ವನ ಧೂಳಿನ ಗೆರೆ ಜೋಲಿಯ ದಿನ ಇಳಿಯುತ್ತಿತ್ತು, ಆಮೇಲೆ ಏರುತ್ತಿತ್ತು. ಆದರೆ ಪ್ರತಿ ಸಲ ಮೊದಲಿನಷ್ಟು ಕೆಳಗೆ ಇಳಿಯುತ್ತಿರಲಿಲ್ಲ. ದೂರದಿಂದ ನೋಡಿದರೆ ಮೇಲಕ್ಕೆ ಹತ್ತುವ ಮೆಟ್ಟಿಲು. ಕೋಶದೊಳಗಿನ ಧೂಳು ಜೋಲಿಗೆ ಓಗೊಡುತ್ತದೆ. ಎದೆ ಅದರ ಸುತ್ತ ಗಾಯದ ಗಂಟು ಕಟ್ಟಿಬಿಟ್ಟರೆ ಓಗೊಡುವುದಿಲ್ಲ. ಹೆಡ್‌ಫೋನ್ ಹಾಕಿಕೊಂಡರೆ ಆ ಗಂಟುಗಳ ಸದ್ದೇ ಬೇರೆ. ಜರಡಿ ಅಲ್ಲ, ಕಲ್ಲಿನ ಮೇಲೆ ಕಲ್ಲು ಇಟ್ಟಂತೆ ಒಂದು ಮಂಕು ಸದ್ದು, ಅಲುಗುವುದೇ ಇಲ್ಲ.

ಮೇಡಂಗೆ ಗೆರೆ ತೋರಿಸಿದೆ.

“ವಾರಕ್ಕೆರಡು ಸಲ ಜೋಲಿ ಕೊಡೋಣ” ಅಂದರು. “ಬೆಂಗಳೂರಿನ ಸಮಿತಿ ಬರ್ತಾ ಇದೆ ಜೈತುನ್. ಒಪ್ಪಿದರೆ ಊರೂರಿಗೂ ಜೋಲಿ. ಈಗ ಅಳುಕಬಾರದು.”

ಅಳುಕಲಿಲ್ಲ. ಆದರೆ ಆ ದಿನದಿಂದ ಭಟ್ಟಿಯ ಬಿಸಿಲುಕೋಲನ್ನು ನೋಡಲು ನನ್ನ ಕಣ್ಣು ಒಪ್ಪಲಿಲ್ಲ.

*

ಭಾನುವಾರ ಚಿಗವ್ವ ನಮ್ಮ ಮನೆಗೆ ಊಟಕ್ಕೆ ಬಂದಳು. ಅವಳು ಬಂದರೆ ಒಂದೇ ಜಗಳ, ಹಳೇ ಜಗಳ, ನಗುತ್ತ ಆಡುವ ಜಗಳ.

ನಮ್ಮಲ್ಲಿ ಮಗಳು ಸ್ವಂತ ಬಾಣಲೆ ಹೂಡಿದರೆ ತಾಯಿ ತನ್ನ ಬಾಣಲೆಯಿಂದ ಒಂದು ಮೊರ ಉಸುಕು ತೆಗೆದು ಉಡಿಗೆ ಹಾಕುತ್ತಾಳೆ. ಹೊಸ ಉಸುಕಿನಲ್ಲಿ ಅಕ್ಕಿ ಸೀಯುತ್ತದೆ. ಬೆಂಕಿ ಕಂಡ ಉಸುಕಿನಲ್ಲಿ ಕಾವು ಸಮನಾಗಿ ಹರಡುತ್ತದೆ. ಕಮ್ಮಿಯಾದಷ್ಟೇ ಹೊಸತು ಬೆರೆಸುತ್ತ ಹೋಗುತ್ತಾರೆ, ಪೂರ್ತಿ ಚೆಲ್ಲುವುದಿಲ್ಲ. ಅವ್ವನ ಬಾಣಲೆಯಲ್ಲಿರುವುದು ನಮ್ಮಜ್ಜಿಯ ಉಸುಕು, ಎಳ್ಳಿನ ಹಾಗೆ ಕರ್ರಗೆ. ಅಜ್ಜಿ ಹಿರಿಮಗಳಿಗೆ ಉಸುಕು ಕೊಟ್ಟಳು. ಕಿರಿಮಗಳಿಗೆ ಬೆಳ್ಳಿ ಕಡಗ ಕೊಟ್ಟಳು.

“ಕಡಗ ಸವದು ಹೋದ್ವು” ಅಂದಳು ಚಿಗವ್ವ, ರೊಟ್ಟಿ ಮುರಿಯುತ್ತ. “ಇವಳ ಉಸುಕು ನೋಡು, ದಿನಾ ಬೆಳಿತೈತಿ. ನಾನು ಹೊಳೀ ಉಸುಕು ತಂದು, ಅಕ್ಕಿ ಸೀದ್ರ ಪೂರಾ ಚೆಲ್ಲಿ, ಮತ್ತ ತಂದು ಸಾಕಾತು. ಒಂದ್ ಬೊಗಸಿ ಕೊಡಬೇ ಅಂದ್ರ ಕೈ ಬರಂಗಿಲ್ಲ ಇವಳಿಗೆ.”

“ನಮ್ಮವ್ವ ಕೊಟ್ಟಿದ್ದು ಹಂಚಾಕ ಅದೇನು ಸಕ್ರೀ ಏನು?” ಅಂದಳು ಅವ್ವ.

“ನೋಡಪ, ಎದ್ಯಾಗಿಂದೂ ನನಗಿಂತ ಹೆಚ್ಚಿಗೇ ಕೆಡವಿದ್ಲು. ಎಲ್ಲದ್ರಾಗೂ ಹಿರೀತನ.”

ಅಪ್ಪ ನಕ್ಕು ಕೆಮ್ಮಿದ. ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

ಅಜ್ಜಿಯ ಉಸುಕು. ಹೊಳೆಯ ಉಸುಕು. ಇಷ್ಟು ದಿನ ನಾವು ಎದೆಗಳನ್ನು ಹೋಲಿಸಿದ್ದೆವು, ಬಾಣಲೆಗಳನ್ನು ಹೋಲಿಸಿರಲಿಲ್ಲ.

ಕೈ ತೊಳೆದು, ಒಡೆದ ಸ್ಪೀಕರಿನ ಅಯಸ್ಕಾಂತ ಹುಡುಕಿ ಭಟ್ಟಿಗೆ ಹೋದೆ. ತಣ್ಣಗಿದ್ದ ಬಾಣಲೆಗೆ ಅದನ್ನು ಇಳಿಸಿ ಎತ್ತಿದರೆ ಮುಳ್ಳುಹಂದಿ! ಉಸುಕು ಎದ್ದು ಎದ್ದು ನಿಂತಿತ್ತು. ಅಲ್ಲಿಂದ ಚಿಗವ್ವನ ಭಟ್ಟಿಗೆ. ಅವಳ ಉಸುಕಿನಲ್ಲಿ ಅಯಸ್ಕಾಂತ ಮುಳುಗಿಸಿದರೆ ಒಂದು ಚಿಟಿಕೆಯೂ ಹತ್ತಲಿಲ್ಲ.

ವರ್ಷಗಟ್ಟಲೆ ಬಾಣಲೆಗೆ ಉಜ್ಜಿಕೊಂಡ ಉಸುಕಿಗೆ ಕಬ್ಬಿಣದ ಅಂಗಿ. ಆಗಾಗ ಪೂರ್ತಿ ಬದಲಾಗುವ ಹೊಳೆಯ ಉಸುಕಿಗೆ ಇಲ್ಲ. ಅದಕ್ಕೇ ಜೋಲಿ ಅವ್ವನ ಧೂಳನ್ನು ಎಳೆಯುತ್ತದೆ, ಚಿಗವ್ವನದನ್ನು ಬಿಡುತ್ತದೆ. ಇನ್ನೊಂದು ವಿಷಯವೂ ಜೊತೆಗೇ ತಿಳಿಯಿತು. ಮತ್ತೆ ಮತ್ತೆ ಕಾದು ಒಡೆದ ಉಸುಕೇ ನುಣ್ಣಗಿನ ಉಸುಕು. ನುಣ್ಣಗಿದ್ದಷ್ಟೂ ಎದೆಯ ತಳ ಮುಟ್ಟುತ್ತದೆ.

ಸಂಜೆ ಅವ್ವನಿಗೆ ಹೇಳಿದೆ. ನನ್ನ ಮಟ್ಟಿಗೆ ಅದು ದೊಡ್ಡ ಭಾಷಣ. “ಅವ್ವಾ, ನಿನ್ನೆದೆಯೊಳಗೆ ಕೂತಿರೋದು ಅಜ್ಜಿಯ ಉಸುಕು. ಅದನ್ನ ಚೆಲ್ಲಿಬಿಡೋಣ.”

ಅವ್ವ ಹುಟ್ಟು ಕೆಳಗಿಟ್ಟಳು. ಉಸುಕು ಕಲಕುವ ಉದ್ದನೆಯ ಮರದ ಹುಟ್ಟು ಅದು, ಅವಳ ಕೈ ಹಿಡಿದ ಕಡೆ ಸವೆದಿದೆ.

“ಓದಿಸಿದ್ದು ಇದಕ್ಕೇನು?” ಅಂದಳು. “ಸಾಯೋವಾಗ ನಮ್ಮವ್ವನ ಕೈಯಾಗ ಇದ್ದದ್ದು ಇದೊಂದ. ನನ್ನ ಪಟ್ಟಿ ಹಸರೈತಿ. ಉಸುಕಿನ ಸುದ್ದಿ ತೆಗೀಬ್ಯಾಡ.”

ಮರುತಿಂಗಳು ವಾರ್ಡಿನ ಯಂತ್ರದ ಮುಂದೆ ನಿಂತಾಗ ಪಟ್ಟಿ ಹಸಿರಿನಿಂದ ಹಳದಿಗೆ ಬರಲಿಲ್ಲ. ನೇರ ಕೆಂಪಿಗೆ ಹೋಯಿತು.

*

ಭಟ್ಟಿಯ ಪೆಟ್ಟಿಗೆ ಕಿರುಚಿದ್ದನ್ನು ಸಾಲಿನವರೆಲ್ಲ ಕೇಳಿದರು. ಅವ್ವ ಹೊಸ್ತಿಲಿನಲ್ಲಿ ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು ನಿಂತಳು. ಒಳಗೆ ಒಲೆ ಉಸ್ಸೆಂದು ತಣ್ಣಗಾಯಿತು. ಅವಳು ಕಾಲು ಹಿಂದಕ್ಕೆ ತೆಗೆದುಕೊಂಡಳು, ಬೇರೆಯವರ ಮನೆಗೆ ಗೊತ್ತಿಲ್ಲದೆ ನುಗ್ಗಿದವಳಂತೆ.

“ಒಂದು ಉದ್ದನೆಯ ಜೋಲಿ ಕೊಡೋಣ” ಅಂದರು ಮೇಡಂ. ಅವರಿಗೂ ಸಂಕಟವಾಗಿತ್ತು. ಅವ್ವನನ್ನು ಅವರು ಬಲ್ಲರು, ಅವಳು ಕಟ್ಟಿಕೊಟ್ಟ ಖಾರಾ ಮಂಡಕ್ಕಿ ತಿಂದವರು. ಅಂದು ಬೆಳಗಿನಿಂದ ಸಂಜೆವರೆಗೆ ಅವ್ವ ಜೋಲಿಯಲ್ಲಿದ್ದಳು. ಬಟ್ಟಲಿಗೆ ಬಂದದ್ದು ಚಿಗವ್ವನಿಗೆ ಬಂದಷ್ಟು. ಹೆಡ್‌ಫೋನಿನಲ್ಲಿ ಜರಡಿ ಇರಲಿಲ್ಲ. ಕಲ್ಲಿನ ಮೇಲೆ ಕಲ್ಲು.

ಪ್ರಭುಲಿಂಗ ನನ್ನ ಕಡೆ ನೋಡಲಿಲ್ಲ. ತಂತಿಗಳನ್ನು ಸುಮ್ಮನೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ.

ಮನೆಗೆ ಬಂದ ಅವ್ವ ಮಾಡಲು ಕೆಲಸವಿಲ್ಲದೆ ಪಾತ್ರೆ ತಿಕ್ಕಲು ಕೂತಳು. ನಾನೂ ಪಕ್ಕದಲ್ಲಿ ಕೂತೆ. ಸ್ಟೀಲಿನ ನಾರಿನ ಉಂಡೆಯನ್ನು ತೊಳೆಯಲು ಹೋದರೆ ಅದರ ತುಂಬ ಭಟ್ಟಿಯ ಕರ್ರಗಿನ ಪುಡಿ ಕಚ್ಚಿಕೊಂಡಿತ್ತು. ಎಷ್ಟು ಹಿಂಡಿದರೂ ಬಿಡಲಿಲ್ಲ. ಕಟ್ಟೆಯ ಮೇಲೆ ನಾನೇ ಮರೆತುಬಿಟ್ಟಿದ್ದ ಸ್ಪೀಕರ್ ಅಯಸ್ಕಾಂತಕ್ಕೆ ನಾರು ತಾಗಿಕೊಂಡಿದ್ದದ್ದು ಆಮೇಲೆ ಕಾಣಿಸಿತು. ಅಯಸ್ಕಾಂತ ದೂರ ಸರಿಸಿದೆ. ಪುಡಿ ನೀರಿನಲ್ಲಿ ಹರಿದುಹೋಯಿತು.

ಸುಮ್ಮನೆ ನೋಡುತ್ತ ಕೂತೆ. ನಾರಿನ ಒಂದೊಂದು ಎಳೆಯೂ ಒಂದೊಂದು ಸಣ್ಣ ಅಯಸ್ಕಾಂತವಾಗಿತ್ತು ಇಷ್ಟು ಹೊತ್ತು. ಹಿಡಿಯಷ್ಟು ನಾರಿನಲ್ಲಿ ಎಷ್ಟು ಎಳೆ! ಧೂಳು ಅದರ ನಡುವಿನಿಂದ ಹಾದರೆ ತಪ್ಪಿಸಿಕೊಳ್ಳುವುದು ಎಲ್ಲಿಗೆ? ಅವ್ವನ ಎದೆಯ ತಳದಿಂದ ಎಳೆಯಲು ಬರುವ ಧೂಳನ್ನು, ಅದು ಎದೆಗೆ ಇಳಿಯುವ ಮೊದಲೇ, ಬಾಣಲೆಯ ಮೇಲೇ ಎಳೆದರೆ?

ಜೋಲಿಯನ್ನು ನಾವು ತಪ್ಪು ಜಾಗಕ್ಕೆ ಕಟ್ಟಿದ್ದೆವು.

“ಯಾಕ ನಗ್ತಿ?” ಅಂದಳು ಅವ್ವ.

“ಅವ್ವಾ, ಅಜ್ಜಿಯ ಉಸುಕು ಚೆಲ್ಲೋದು ಬ್ಯಾಡ. ಒಂದು ಬುಟ್ಟಿ ಕೊಡು.”

*

ಸಮಿತಿ ಬಂದ ದಿನ ಮೇಡಂ ಪರದೆಯ ಮೇಲೆ ಚಿತ್ರಗಳನ್ನು ತೋರಿಸಿ ಮುಗಿಸಿದರು. ಅಧ್ಯಕ್ಷರು, ನಿವೃತ್ತ ಎದೆರೋಗ ತಜ್ಞರು, ಕನ್ನಡಕ ತೆಗೆದು ಕೇಳಿದರು: “ಎಲ್ಲ ಸರಿ. ಆದರೆ ಜೋಲಿ ಬಂದ ಮೇಲೆ ಕೆಂಪು ಪಟ್ಟಿ ಯಾಕೆ ಹೆಚ್ಚಾಗಿವೆ ತಡಸ ಅವರೇ?”

ಮೇಡಂ ಉತ್ತರಕ್ಕೆ ಪರದೆಯ ಕಡೆ ತಿರುಗಿದರು. ಆ ಒಂದು ಕ್ಷಣದಲ್ಲಿ, ಜೀವನದಲ್ಲಿ ಮೊದಲ ಸಲ, ನನ್ನ ಮಾತು ಬಸ್ಸಿಗಿಂತ ಮುಂಚೆ ನಿಲ್ದಾಣಕ್ಕೆ ಬಂತು.

“ಯಾಕೆಂದರೆ ಅದನ್ನು ಕಟ್ಟಬೇಕಾದ್ದು ಎದೆಗಲ್ಲ ಸರ್, ಒಲೆಗೆ. ಹಿಂದಿನ ಶೆಡ್ಡಿಗೆ ಬಂದರೆ ತೋರಿಸ್ತೀನಿ.”

ಮೇಡಂ ನನ್ನನ್ನೇ ನೋಡಿದರು. ನನ್ನ ಕಿವಿ ಕಾದ ಬಾಣಲೆಯಾಗಿತ್ತು. ಆಮೇಲೆ ಅವರು ಸೆರಗು ಸರಿಮಾಡಿಕೊಂಡು, “ಬನ್ನಿ, ನಾನೂ ನೋಡಿಲ್ಲ” ಅಂದರು. ಆ ಮಾತಿಗಾಗಿ ಅವರನ್ನು ನಾನು ಯಾವತ್ತೂ ಮರೆಯುವುದಿಲ್ಲ.

ಶೆಡ್ಡಿನಲ್ಲಿ ಎರಡು ಒಲೆ, ಎರಡು ಬಾಣಲೆ. ಒಂದರಲ್ಲಿ ಅಜ್ಜಿಯ ಉಸುಕು, ಇನ್ನೊಂದರಲ್ಲಿ ಹೊಳೆಯ ಉಸುಕು. ಎರಡರ ಮೇಲೂ ಪ್ರಭುಲಿಂಗ ಜೋಲಿಯ ಸುರುಳಿಗಳನ್ನು ತಗಡಿನ ಟೋಪಿಯಾಗಿ ಬಗ್ಗಿಸಿ ತೂಗುಹಾಕಿದ್ದ. ಟೋಪಿಯೊಳಗೆ ಪಾತ್ರೆ ಅಂಗಡಿಯಿಂದ ತಂದ ಸ್ಟೀಲಿನ ನಾರು. ಹೊಗೆ ಹೊರಗಿನ ಚಿಮಣಿಗೆ ಹೋಗುತ್ತಿತ್ತು. ಗವಾಕ್ಷಿಯಿಂದ ಬಿಸಿಲು ಇಳಿಯುತ್ತಿತ್ತು. ಎರಡೂ ಒಲೆಗೆ ಚಿಗವ್ವನೇ ಕೂತಳು, ಮೂಗಿಗೆ ಬಟ್ಟೆ ಕಟ್ಟಿಕೊಂಡು. ಅವಳ ಪಟ್ಟಿ ಹೇಗೂ ಹಸಿರು, ಕಬ್ಬಿಣವಿಲ್ಲದ ಎದೆಯನ್ನು ವಾರ್ಡಿನ ಯಂತ್ರ ಓದುವುದೇ ಇಲ್ಲ. ಅದೂ ಒಂದು ತಪ್ಪು ಅಂತ ಸಮಿತಿಗೆ ಆಗಲೇ ಹೇಳಿಯಾಗಿತ್ತು. ಅವ್ವ ಬಾಗಿಲಾಚೆ ಸ್ಟೂಲು ಹಾಕಿಕೊಂಡು ಕೂತಿದ್ದಳು.

ಮೊದಲು ಅಜ್ಜಿಯ ಉಸುಕು. ಚಿಗವ್ವ ಉಪ್ಪುನೀರು ಹಾಕಿದ ಅಕ್ಕಿ ಸುರಿದು ಹುಟ್ಟು ತಿರುಗಿಸಿದಳು. ಚಟಪಟ ಅಂತ ಅರಳಿತು. ಅದರ ಜೊತೆಗೇ ಗವಾಕ್ಷಿಯ ಕೆಳಗೆ ಬಿಸಿಲುಕೋಲು ಎದ್ದು ನಿಂತಿತು, ನಮ್ಮ ಮನೆಯ ಬೆಳ್ಳಿ ಕಂಬದ ಹಾಗೇ, ದಪ್ಪಗೆ, ಮಿಣಮಿಣ.

“ಹಾಕು” ಅಂದೆ.

ಪ್ರಭುಲಿಂಗ ಸ್ವಿಚ್ ಒತ್ತಿದ. ಕಂಬ ಒಂದು ಕಡೆಗೆ ವಾಲಿತು. ಕಣಗಳು ಹೊಗೆಯ ಎಳೆಯ ಹಾಗೆ ಟೋಪಿಯ ಕಡೆಗೆ ಬಾಗಿ ಏರತೊಡಗಿದವು. ಕಂಬ ಸಣ್ಣದಾಯಿತು, ಕೋಲಾಯಿತು, ದಾರವಾಯಿತು. ಆಮೇಲೆ ಇಲ್ಲ. ಗವಾಕ್ಷಿಯಲ್ಲಿ ಬಿಸಿಲಿತ್ತು, ನೆಲದ ಮೇಲೆ ಬಿಸಿಲಿತ್ತು, ನಡುವೆ ಏನೂ ಇರಲಿಲ್ಲ. ಬಿಸಿಲುಕೋಲು ಕಾಣುವುದು ಧೂಳಿನಿಂದ. ಧೂಳಿಲ್ಲದ ಗಾಳಿಯಲ್ಲಿ ಬೆಳಕು ಕಾಣದೆ ಹಾದುಹೋಗುತ್ತದೆ.

ಮಂಡಕ್ಕಿ ಮಾತ್ರ ಚಟಪಟ ಅನ್ನುತ್ತಿತ್ತು.

“ಹಳೇ ಉಸುಕಿಗೆ ಸರಿ” ಅಂದರು ಅಧ್ಯಕ್ಷರು ಕೊನೆಗೆ. “ಹೊಸದಕ್ಕೆ?”

ನನಗೆ ಉತ್ತರ ಗೊತ್ತಿತ್ತು, ಸಂತೋಷದ ಉತ್ತರವಲ್ಲ. ಎರಡನೇ ಒಲೆ ಹೊತ್ತಿತು. ಬಿಸಿಲುಕೋಲು ಎದ್ದಿತು. ಸ್ವಿಚ್ ಒತ್ತಿದರೂ ಕಂಬ ಅಲುಗಲಿಲ್ಲ. ಅಕ್ಕಿಯೂ ಸರಿಯಾಗಿ ಅರಳಲಿಲ್ಲ. ಅರ್ಧ ಸೀದು ಅರ್ಧ ಮುರುಟಿತು. ಚಿಗವ್ವನ ಮುಖ ಸಣ್ಣದಾಯಿತು. ಬೆಂಗಳೂರಿನವರ ಎದುರು ಮಂಡಕ್ಕಿ ಕೆಡುವುದು ಅಂದರೆ!

ಆಗ ಆಗಬಾರದ್ದು ಆಯಿತು. ಬಾಗಿಲಾಚೆ ಕೂತಿದ್ದ ಅವ್ವನಿಗೆ ತಂಗಿಯ ಬಾಣಲೆಯ ಅವಸ್ಥೆ ನೋಡಲಾಗಲಿಲ್ಲ. “ಥೂ, ಹಂಗ ಹೊತ್ತಿಸಬ್ಯಾಡಬೇ!” ಅಂತ ಬಂದವಳೇ, ಬುಟ್ಟಿಯಲ್ಲಿ ಉಳಿದಿದ್ದ ಅಜ್ಜಿಯ ಉಸುಕಿನಿಂದ ಒಂದು ಬೊಗಸೆ ತೆಗೆದು ಹೊಳೆಯ ಉಸುಕಿಗೆ ಹಾಕಿಬಿಟ್ಟಳು.

“ಅವ್ವಾ!” ನಾನು ಕೂಗಿಯೇಬಿಟ್ಟೆ. ಎರಡು ಬಾಣಲೆಯ ಹೋಲಿಕೆ ಅಲ್ಲಿಗೆ ಹಾಳು. ಮೇಡಂ ಹಣೆ ಹಿಡಿದುಕೊಂಡರು.

“ಅಕ್ಕಿ ಅರಳಬೇಕಿಲ್ಲೇನವ್ವ?” ಅಂದಳು ಅವ್ವ, ತಪ್ಪೇನು ಮಾಡಿದೆ ಅಂತ ತಿಳಿಯದೆ.

ಚಿಗವ್ವ ಹುಟ್ಟು ತಿರುಗಿಸಿದಳು, ಹೊಸ ಅಕ್ಕಿ ಹಾಕಿದಳು. ಅಕ್ಕಿ ಅರಳಿತು. ಅಷ್ಟರಲ್ಲಿ ಪ್ರಭುಲಿಂಗ ನನ್ನ ತೋಳು ಜಗ್ಗಿದ. ಬಿಸಿಲುಕೋಲು ವಾಲುತ್ತಿತ್ತು.

ಮೊದಲಿನಷ್ಟು ಬೇಗ ಅಲ್ಲ. ಗೊಂದಲದಿಂದ, ಯೋಚಿಸುತ್ತ. ಆದರೆ ವಾಲುತ್ತಿತ್ತು, ಸಣ್ಣದಾಗುತ್ತಿತ್ತು. ಅಜ್ಜಿಯ ಧೂಳಿನ ಕಣಗಳು ಮೇಲೇಳುವಾಗ ಹೊಸ ಧೂಳಿನ ಕಣಗಳನ್ನು ಮೈಗೆ ಅಂಟಿಸಿಕೊಂಡು ಏರುತ್ತಿದ್ದವು. ಕಾದ ಧೂಳಿಗೆ ಒಂದಕ್ಕೊಂದು ಅಂಟುವ ಗುಣವಿದೆ. ನನಗೆ ಗೊತ್ತಿದ್ದದ್ದೇ, ಹೀಗೆ ಕೂಡಿಸಿ ನೋಡಿರಲಿಲ್ಲ ಅಷ್ಟೇ.

“ಹೆಪ್ಪು” ಅಂದೆ. ಜೋರಾಗಿಯೇ ಅಂದಿರಬೇಕು, ಎಲ್ಲರೂ ತಿರುಗಿದರು. “ಹಾಲು ಮೊಸರಾಗೋಕೆ ಒಂದು ಚಮಚ ಹೆಪ್ಪು ಸಾಕು ಸರ್. ಹೊಸ ಬಾಣಲೆಗೆ ಒಂದು ಬೊಗಸೆ ಹಳೇ ಉಸುಕು ಸಾಕು.”

ಅಧ್ಯಕ್ಷರು ಕನ್ನಡಕ ಹಾಕಿಕೊಂಡು ಬಿಸಿಲನ್ನು ನೋಡುತ್ತಲೇ ನಿಂತರು. ಬಿಸಿಲುಕೋಲು ಇರಲಿಲ್ಲ. ಅವರ ಬೂಟಿನ ಮೇಲೆ ಒಂದು ಚೌಕ ಬಿಸಿಲು ಬಿದ್ದಿತ್ತು.

“ಇಷ್ಟು ವರ್ಷಕ್ಕ ಬಂತು ನೋಡು ನನ್ನ ತವರಿನ ಪಾಲು” ಅಂದಳು ಚಿಗವ್ವ. ಬಟ್ಟೆ ಮೂಗಿನ ಮೇಲಿದ್ದರೂ ಅವಳು ನಗುತ್ತಿದ್ದದ್ದು ಕಣ್ಣಿನಲ್ಲಿ ಕಂಡಿತು.

*

ಈಗ ಪಟ್ಟಿ ಹೆಂಗಸರ ಕೈಯಲ್ಲಿಲ್ಲ. ಭಟ್ಟಿಗೆ ಕಟ್ಟಿದ್ದಾರೆ. ಬಾಣಲೆಯ ಮೇಲಿನ ಟೋಪಿಯ ಅಂಚಿನಲ್ಲಿ ಒಂದು ದೀಪ: ಗಾಳಿ ಚೊಕ್ಕವಿದ್ದರೆ ಹಸಿರು, ಧೂಳಿದ್ದರೆ ಕೆಂಪು, ಕೆಂಪಾದರೆ ಒಲೆ ಆರುತ್ತದೆ, ಹೆಂಗಸಲ್ಲ ಹೊರಗೆ ಹೋಗುವುದು. ಆ ನಿಯಮವನ್ನು ಬರೆದವರು ಮೇಡಂ. ಜೋಲಿಯ ಹೆಸರನ್ನು ಕಾಗದದಲ್ಲೂ ಜೋಲಿ ಅಂತಲೇ ಬರೆದರು.

ಅವ್ವನ ಎದೆಯ ಗಂಟುಗಳು ಕರಗಿಲ್ಲ. ಕರಗುವುದೂ ಇಲ್ಲ, ಹಾಗಂತ ಅವಳಿಗೆ ನೇರವಾಗಿ ಹೇಳಿದ್ದೇನೆ. ಆದರೆ ಗೆರೆಯ ಮೆಟ್ಟಿಲು ನಿಂತಿದೆ. ಕಲ್ಲಿನ ಮೇಲೆ ಹೊಸ ಕಲ್ಲು ಬೀಳುತ್ತಿಲ್ಲ. ಮಹಡಿ ಹತ್ತುವಾಗ ನಡುವೆ ಕೂತು ಬೈಯುತ್ತಾಳೆ, ಬೈಯಲು ಉಸಿರು ಸಾಲುತ್ತದೆ.

ಅವಳು ಭಟ್ಟಿಗೆ ಮರಳಿದ ದಿನ ಹೊಳೆಯ ಉಸುಕಿನಲ್ಲಿ ಹುರಿಯುವ ಸಾಲಿನ ಹೆಂಗಸರೆಲ್ಲ ಬಟ್ಟಲು ಹಿಡಿದು ಬಾಗಿಲಿಗೆ ಬಂದಿದ್ದರು, ಹೆಪ್ಪು ಕೇಳಲು. ಹಂಚಲು ಅದೇನು ಸಕ್ಕರೆಯೇ ಅಂದವಳು ಒಬ್ಬೊಬ್ಬರಿಗೂ ಬೊಗಸೆ ತುಂಬಿ ಹಾಕಿದಳು. “ನಮ್ಮವ್ವನ ಹೆಸರು ಹೇಳಿ ಹಾಕ್ರಿ, ಸುಮ್ಮನ ಹಾಕಬ್ಯಾಡ್ರಿ” ಅಂತ ಷರತ್ತು ಬೇರೆ.

ಆಮೇಲೆ ಒಳಗೆ ಹೋದಳು. ಬಾಗಿಲಿನಲ್ಲಿ ಪೆಟ್ಟಿಗೆ ಇರಲಿಲ್ಲ, ಆದರೂ ಹೊಸ್ತಿಲಲ್ಲಿ ಒಂದು ಗಳಿಗೆ ಕಾಲು ತಡೆಯಿತು. ಒಲೆ ಹೊತ್ತಿಸಿದಳು, ಉಸುಕು ಕಾಯಿಸಿದಳು, ಅಕ್ಕಿ ಸುರಿದಳು. ಮೊದಲ ಒಬ್ಬೆ ಮಂಡಕ್ಕಿ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಗವಾಕ್ಷಿ ನೋಡಿದವಳು ಗಾಬರಿಯಾದಳು.

“ಜೈತೂ, ನಮ್ಮ ಕಂಬ ಎಲ್ಲಿ ಹೋತು?”

ನಾನು ಟೋಪಿಯೊಳಗಿನ ತಟ್ಟೆ ಎಳೆದು ತೋರಿಸಿದೆ. ಎಳ್ಳಿನ ಪುಡಿಯಂಥ ಧೂಳು, ಒಂದು ಹಿಡಿ. ಅವ್ವ ಬೆರಳಲ್ಲಿ ಮುಟ್ಟಿದಳು, ಉಜ್ಜಿ ನೋಡಿದಳು.

“ಇದೇನು?”

“ಇದೇ ಅವ್ವಾ, ಕಂಬ.”

ಅವ್ವ ತಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಒಂದು ಕಾಳೂ ಹಾರದಂತೆ ಅಂಗೈ ಮುಚ್ಚಿ, ಹೊರಗೆ ನೀರಿನ ಡಬ್ಬಿಗೆ ಸುರಿದು ಬಂದಳು. ನೆಲದ ಮೇಲೆ ಬಿದ್ದ ಬಿಸಿಲಿನ ಚೌಕದಲ್ಲಿ ನಿಂತು ಎದೆತುಂಬ ಒಂದು ಉಸಿರು ಎಳೆದುಕೊಂಡಳು, ಹುಟ್ಟು ಎತ್ತಿದಳು.